ನೆಲ ಡೊಂಕೋ, ಕಾಲು ಡೊಂಕೋ?

ಕಾಲೇಜನ್ನು ಸೇರಿ ನಾಲ್ಕು ತಿಂಗಳು ಕಳೆಯುವುದರೊಳಗಾಗಿ ಮಗನೋ ಮಗಳೋ "ನನಗೆ ಈ ಕಾಲೇಜು ಬೇಡ, ಬೇರೆಯ ಕಡೆ ಸೇರಿಸಿರಿ" ಎಂದು ಕಣ್ಣೀರಿಡುವುದು ಅನೇಕ ಗೃಹಗಳಲ್ಲಿ ಕಂಡುಬರುವ ಸಂಗತಿ. ಆಗ ಹಿರಿಯರು, ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಹೇಳಿ ಮಕ್ಕಳ ಬಾಯಿ ಮುಚ್ಚಿಸುವುದುಂಟು. ಗಾದೆಯೇನೋ ಸತ್ಯವೇ, ಆದರೆ ಒಮ್ಮೊಮ್ಮೆ ನೆಲವೂ ಡೊಂಕಾಗಿರುವುದುಂಟು.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರ ಚರಿತ್ರೆಯು ಈ ವಿಷಯದಲ್ಲಿ ವಿಚಾರಾರ್ಹವಾದುದು. 1904ರಲ್ಲಿ ವಿದ್ಯಾರ್ಥಿವೇತನದೊಡನೆ ಕುಂಭಕೋಣದ ಸರ್ಕಾರೀ ಕಾಲೇಜನ್ನು ಸೇರಿದ ಅವರು, ಗಣಿತದಲ್ಲಿಯೇ ಮಗ್ನರಾಗಿ ಇತರ ವಿಷಯಗಳನ್ನು ಅಲಕ್ಷಿಸಿದುದರಿಂದ ಆ ವೇತನವನ್ನು ಕಳೆದುಕೊಂಡರು. 1906ರಲ್ಲಿ ಮದರಾಸಿನ ಪಚ್ಚಯ್ಯಪ್ಪನವರ ಕಾಲೇಜನ್ನು ಸೇರಿದರು. ಊರು ಬದಲಾಯಿತು, ಕಾಲೇಜು ಬದಲಾಯಿತು. ಆದರೆ ಎರಡೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದವುಗಳಾದುದರಿಂದ, ಎಫ್.ಎ. ಪರೀಕ್ಷೆಯು ಮಾತ್ರ ಬದಲಾಗಲಿಲ್ಲ. ಅಲ್ಲಿಯೂ ಅವರು ತೇರ್ಗಡೆ ಹೊಂದಲಿಲ್ಲ. 1914ರಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋದ ಮೇಲಾದರೋ, ಹಾರ್ಡಿಯವರ ಸಹಯೋಗದಲ್ಲಿ ಅವರ ಪ್ರತಿಭೆಯು ಬೆಳಗಿತು; 1916ರಲ್ಲಿ ಸಂಶೋಧನೆಯ ಬಲದಿಂದಲೇ ಪದವಿಯೂ ದೊರೆಯಿತು. ಮೊದಲನೆಯ ಸಲ ತೊಂದರೆಯ ಕಾರಣವು ಅವರೊಡನೆಯೇ ಪ್ರಯಾಣಮಾಡಿತ್ತು; ಎರಡನೆಯ ಸಲ ಅದು ಹಿಂದುಳಿಯಿತು.

ಆದಕಾರಣ ತಂದೆತಾಯಿಗಳು ಮೊದಲು ವಿಚಾರಿಸತಕ್ಕದ್ದು ಇದು: ಈಗಿನ ಕಷ್ಟವು ಹೊಸ ಕಾಲೇಜಿಗೂ ಹಿಂಬಾಲಿಸಿ ಬರುವುದೇ? ಮನೆಯ ಹಂಬಲ, ಇಂಗ್ಲಿಷಿನ ಪಾಠವು ತಲೆಗೆ ಹತ್ತದಿರುವುದು, ಒಂದು ಪರೀಕ್ಷೆಯಲ್ಲಿ ಸೋತ ನಾಚಿಕೆ, ಇವು ಹಿಂಬಾಲಿಸುತ್ತವೆ. ಇವಕ್ಕೆ ಕಾಲವೂ ಸಹಾಯವೂ ಮದ್ದು. ಓದುತ್ತಿರುವ ವಿಷಯವೇ ಹಿಡಿಸದಿದ್ದರೆ ವಿಷಯವನ್ನು ಬದಲಿಸಬೇಕಲ್ಲದೆ ಕಾಲೇಜನ್ನಲ್ಲ. ಪಾಠ ಹೇಳುವವರಿಲ್ಲದಿರುವುದು, ದಿನವೂ ಪ್ರಯಾಣದಲ್ಲಿಯೇ ಆಯುಸ್ಸು ಕಳೆಯುವುದು ಇವು ಹಿಂಬಾಲಿಸುವುದಿಲ್ಲ. ಹಿರಿಯ ವಿದ್ಯಾರ್ಥಿಗಳ ರ್‍ಯಾಗಿಂಗ್ ಹಿಂಸೆಯನ್ನು ಕಾಲೇಜಿನವರು ಕೇಳದಿದ್ದರಂತೂ ಒಂದು ದಿನವೂ ಕಾಯಲಾಗದು.

ಉಳಿದ ಸಂದರ್ಭಗಳಲ್ಲಿ ಕಾಲವನ್ನು ನೋಡಬೇಕು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ಪ್ರಕಟಣೆಯಂತೆ, ಪ್ರವೇಶದ ಕೊನೆಯ ದಿನ ಕಳೆದು 15 ದಿನಗಳೊಳಗೆ ಬಿಟ್ಟವರಿಗೆ ಶುಲ್ಕದಲ್ಲಿ ಶೇಕಡಾ 80, 30 ದಿನಗಳೊಳಗೆ ಬಿಟ್ಟವರಿಗೆ ಶೇಕಡಾ 50 ಹಿಂದಿರುಗುತ್ತದೆ; ಆಮೇಲೆ ಏನೂ ಇಲ್ಲ. ಆಯಾ ವರ್ಷದ ಸುತ್ತೋಲೆಯನ್ನೂ ನೋಡಿಕೊಳ್ಳುವುದು ಮೇಲು. ಈ ಅವಧಿಯು ಮೀರಿದ್ದರೆ ವರ್ಷದ ಕೊನೆಯವರೆಗೆ ತಾಳುವುದೇ ಲೇಸು. ನಡುವೆ ಹೊರಟರೆ ಹಾಜರಿಯೂ ಕೆಡುವುದು, ಪಾಠವೂ ತಪ್ಪುವುದು. ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗುವುದಾದರೆ, ತೇರ್ಗಡೆಯಾದ ಪತ್ರಿಕೆಗಳನ್ನು ಅಲ್ಲಿ ಒಪ್ಪುವರೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಹೊಸ ಕಾಲೇಜಿನ ಒಪ್ಪಿಗೆಯು ಬರಹದಲ್ಲಿ ಕೈಸೇರುವ ಮೊದಲು ಹಳೆಯ ಕಾಲೇಜಿನಿಂದ ವರ್ಗಾವಣೆ ಪತ್ರವನ್ನು ಪಡೆಯಕೂಡದು. ಪಡೆದರೆ ಎರಡೂ ತಪ್ಪುವ ಭಯವುಂಟು.

ಕೊನೆಯದಾಗಿ ಒಂದು ಮಾತು. ಕಟ್ಟಿದ ಹಣ ಹೋದೀತು, ನೆಂಟರು ನಕ್ಕಾರು ಎಂಬ ಅಂಜಿಕೆಯಿಂದ ಮಕ್ಕಳ ಮಾತನ್ನು ತಳ್ಳಿಹಾಕಬಾರದು. ಮಗುವು ಅತ್ತಿತೆಂದು ಮರುದಿನವೇ ಅರ್ಜಿ ಬರೆಯಲೂಬಾರದು. ಒಂದು ದಿನ ಬಿಡುವು ಮಾಡಿಕೊಂಡು, ಆ ಕಾಲೇಜಿಗೂ ಹಾಸ್ಟೆಲಿಗೂ ತಾವೇ ಹೋಗಿ, ಉಪಾಧ್ಯಾಯರನ್ನು ಕಂಡು, ಮಕ್ಕಳು ಉಣ್ಣುವ ಊಟವನ್ನು ಉಂಡು ಬರಲಿ. ಗಾದೆಯನ್ನು ಹೇಳುವ ಮೊದಲು ನೆಲವನ್ನು ನೋಡಿಬರುವುದು ಹಿರಿಯರ ಕರ್ತವ್ಯವಲ್ಲವೇ?