ಆರು ಪೆನ್ನಿಯ ಪುಸ್ತಕಕ್ಕೆ ತೊಂಬತ್ತು

ಪೆಂಗ್ವಿನ್ ಬುಕ್ಸ್‌ನ ಮೊದಲ ಹತ್ತು ಪುಸ್ತಕಗಳು ಅಂಗಡಿಗೆ ಬಂದು 2025ರ ಜುಲೈ 30ಕ್ಕೆ ತೊಂಬತ್ತು ವರ್ಷ ತುಂಬಿತು. ಅದೇ ವರ್ಷದ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬುಕರ್ ಬಂತು. ನಮ್ಮ ಅಂಗಡಿಗಳಲ್ಲಿ ಜನ ಕೇಳಿ ಕೊಂಡ ಪ್ರತಿ ಪೆಂಗ್ವಿನ್ನಿನದೇ. ಇವೆರಡನ್ನೂ ನೆಪಮಾಡಿಕೊಂಡು ಈ ಸಲದ ಪುಟವನ್ನು ಆ ಸಂಸ್ಥೆಗೆ ಬಿಟ್ಟುಕೊಡುತ್ತಿದ್ದೇನೆ. ಅಭಿನಂದನೆಯ ಜೊತೆಗೆ ಒಂದೆರಡು ತಕರಾರೂ ಇವೆ.

ಪೆಂಗ್ವಿನ್ನಿನ ಸ್ಥಳಪುರಾಣ ಪುಸ್ತಕ ವ್ಯಾಪಾರದವರಿಗೆಲ್ಲ ಬಾಯಿಪಾಠ. 1934ರಲ್ಲಿ ಆಲನ್ ಲೇನ್ ಎಂಬ ಪ್ರಕಾಶಕ ಅಗಾಥಾ ಕ್ರಿಸ್ಟಿಯ ಮನೆಗೆ ಹೋಗಿ ಲಂಡನ್ನಿಗೆ ಹಿಂತಿರುಗುವಾಗ ಎಕ್ಸಿಟರ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಪುಸ್ತಕದ ಸ್ಟಾಲು ಜಾಲಾಡಿದನಂತೆ. ಮ್ಯಾಗಜೀನುಗಳು, ಕಳಪೆ ಕಾದಂಬರಿಗಳು ಬಿಟ್ಟರೆ ಓದುವಂಥದ್ದು ಏನೂ ಸಿಗಲಿಲ್ಲವಂತೆ. ಒಳ್ಳೆಯ ಪುಸ್ತಕವನ್ನು ಒಂದು ಪ್ಯಾಕು ಸಿಗರೇಟಿನ ಬೆಲೆಗೆ ಮಾರಬೇಕೆಂದು ಅಲ್ಲೇ ನಿಶ್ಚಯಿಸಿದನಂತೆ. ಸಂಸ್ಥೆ ಬೆಳೆದ ಮೇಲೆ ಇಂಥ ಕತೆಗಳು ತಾವಾಗಿ ಹುಟ್ಟಿಕೊಳ್ಳುತ್ತವೆ. ಲೇನ್ ಆಗ ಎಲ್ಲಿ ಕೆಲಸ ಮಾಡುತ್ತಿದ್ದ ಎಂಬುದನ್ನು ನೋಡಿದರೆ ಇನ್ನಷ್ಟು ಅರ್ಥವಾಗುತ್ತದೆ. ಬಂಧು ಜಾನ್ ಲೇನ್ ಕಟ್ಟಿದ್ದ ಬಾಡ್ಲಿ ಹೆಡ್ ಪ್ರಕಾಶನಕ್ಕೆ 1919ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಸೇರಿದವನು ಅವನು. ಆಸ್ಕರ್ ವೈಲ್ಡನ ಕಾಲದ ಹೆಸರು ಆ ಮನೆಗಿತ್ತು. ಮೂವತ್ತರ ದಶಕದ ಹೊತ್ತಿಗೆ ಕೈಯಲ್ಲಿ ಕಾಸಿರಲಿಲ್ಲ. ರಟ್ಟು ಹಾಕಿದ ಹೊಸ ಕಾದಂಬರಿಗೆ ಏಳು ಶಿಲಿಂಗ್ ಆರು ಪೆನ್ನಿ. ಕೊಳ್ಳುವವರಿಗಿಂತ ಬಾಡಿಗೆ ಲೈಬ್ರರಿಯಿಂದ ತಂದು ಓದುವವರೇ ಹೆಚ್ಚು. ಲೇನ್ ಇಟ್ಟ ಬೆಲೆ ಆರು ಪೆನ್ನಿ, ಅಂದರೆ ಹದಿನೈದರಲ್ಲಿ ಒಂದು ಪಾಲು.

ಅಗ್ಗದ ಪುಸ್ತಕವನ್ನು ಅವನೇನೂ ಮೊದಲು ಕಂಡುಹಿಡಿಯಲಿಲ್ಲ. ಲೈಪ್‌ಜಿಗ್‌ನ ಟೌಖ್ನಿಟ್ಸ್ ಹತ್ತೊಂಬತ್ತನೇ ಶತಮಾನದಿಂದಲೇ ಕಾಗದದ ಹೊದಿಕೆಯಲ್ಲಿ ಇಂಗ್ಲಿಷ್ ಸಾಹಿತ್ಯ ಅಚ್ಚುಹಾಕಿ ಯುರೋಪಿನ ಪ್ರಯಾಣಿಕರಿಗೆ ಮಾರುತ್ತಿತ್ತು. 1932ರಲ್ಲಿ ಶುರುವಾದ ಆಲ್ಬಟ್ರಾಸ್ ಮಾಲೆ ಪುಸ್ತಕದ ಬಗೆಗೊಂದು ಬಣ್ಣ ಎಂಬ ಉಪಾಯ ಹೂಡಿತ್ತು. ಆ ಹೆಸರೂ ಒಂದು ಹಕ್ಕಿಯದೇ ಎನ್ನುವುದನ್ನು ಗಮನಿಸಿ. ಲೇನ್ ಎಲ್ಲವನ್ನೂ ಸಂಕೋಚವಿಲ್ಲದೆ ಎತ್ತಿಕೊಂಡ. ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ಕಡುನೀಲಿ. ಪೆಂಗ್ವಿನ್ ಹೆಸರು ಸೂಚಿಸಿದವಳು ಅವನ ಸೆಕ್ರೆಟರಿ. ಎಡ್ವರ್ಡ್ ಯಂಗ್ ಎಂಬ ಇಪ್ಪತ್ತೊಂದರ ಹುಡುಗನನ್ನು ಲಂಡನ್ ಮೃಗಾಲಯಕ್ಕೆ ಕಳಿಸಿ ಚಿತ್ರ ಬರೆಸಿದರು. ಮುಖಪುಟದ ಮೇಲೆ ಇನ್ನೊಂದು ಚಿತ್ರವಿಲ್ಲ. ಹೆಸರು, ಲೇಖಕ, ಹಕ್ಕಿ, ಅಷ್ಟೇ. ಅಗ್ಗದ ಪುಸ್ತಕವೆಂದರೆ ಹೊದಿಕೆಯ ಮೇಲೆ ಹೆಂಗಸೋ ಹೆಣವೋ ಇರಲೇಬೇಕು ಎಂಬ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಮೊದಲ ಹತ್ತರಲ್ಲಿ ಆಂದ್ರೆ ಮೊರ್ವಾ ಬರೆದ ಶೆಲ್ಲಿಯ ಜೀವನಚರಿತ್ರೆಗೆ ಒಂದನೇ ಸಂಖ್ಯೆ. ಹೆಮಿಂಗ್ವೆ, ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್ ಅದರ ಜೊತೆಗಿದ್ದರು.

ವ್ಯಾಪಾರದವರು ನಕ್ಕರು. ಮೊದಲ ಹತ್ತರಲ್ಲಿ ಹೆಚ್ಚಿನವುಗಳ ಹಕ್ಕು ಕೊಟ್ಟ ಜೊನಾಥನ್ ಕೇಪ್, ಹೇಗೂ ಇವನು ಮುಳುಗುತ್ತಾನೆ, ಅಷ್ಟರೊಳಗೆ ನಮಗೂ ನಾಲ್ಕು ಕಾಸು ಬರಲಿ ಎಂದು ಕೊಟ್ಟೆ ಅಂತ ಆಮೇಲೆ ಲೇನ್‌ಗೇ ಹೇಳಿದನೆಂದು ಪ್ರತೀತಿ. ಆರು ಪೆನ್ನಿಯಲ್ಲಿ ಅಂಗಡಿಯವನ ಕಮಿಷನ್, ಅಚ್ಚಿನ ಖರ್ಚು, ಲೇಖಕನ ರಾಯಲ್ಟಿ ಎಲ್ಲ ಕಳೆದರೆ ಉಳಿಯುವುದು ಪುಡಿಗಾಸು. ಒಂದೊಂದು ಪುಸ್ತಕವೂ ಹದಿನೇಳು ಸಾವಿರದಷ್ಟು ಖರ್ಚಾಗದೆ ಅಸಲು ಹುಟ್ಟುತ್ತಿರಲಿಲ್ಲ. ಪುಸ್ತಕದಂಗಡಿಗಳಿಂದ ಬಂದ ಆರ್ಡರು ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಕಾಪಾಡಿದ್ದು ವುಲ್‌ವರ್ತ್ ಎಂಬ, ಸೂಜಿದಾರ, ಪಾತ್ರೆ, ಮಿಠಾಯಿ ಮಾರುವ ಅಗ್ಗದ ಮಳಿಗೆಗಳ ಕಂಪನಿ. ಖರೀದಿ ಅಧಿಕಾರಿಗೆ ಒಲವಿರಲಿಲ್ಲ, ಅವನ ಹೆಂಡತಿ ಪುಸ್ತಕ ಮೆಚ್ಚಿದಳು ಎನ್ನುತ್ತಾರೆ. ಆರ್ಡರು ಬಂದದ್ದಂತೂ ಅರವತ್ತು ಸಾವಿರ ದಾಟಿತು. ಮೊದಲ ವರ್ಷದೊಳಗೆ ಮಾರಾಟವಾದ ಪ್ರತಿಗಳು ಮೂವತ್ತು ಲಕ್ಷ.

ಗೋದಾಮಿಗೆ ಬಾಡಿಗೆ ಕೊಡಲು ಗತಿಯಿಲ್ಲದೆ ಲಂಡನ್ನಿನ ಮ್ಯಾರಿಲಬೋನ್ ರಸ್ತೆಯ ಹೋಲಿ ಟ್ರಿನಿಟಿ ಚರ್ಚಿನ ನೆಲಮಾಳಿಗೆ ಹಿಡಿದಿದ್ದರು. ಗೋರಿಗಳ ನಡುವೆ ಕೆಲಸ. ಬೀದಿಯಿಂದ ಪುಸ್ತಕದ ಕಟ್ಟುಗಳನ್ನು ಕೆಳಗಿಳಿಸಲು ಜಾತ್ರೆಯಲ್ಲಿ ಮಕ್ಕಳು ಜಾರುವ ಜಾರುಬಂಡೆಯೊಂದನ್ನು ತಂದು ನಿಲ್ಲಿಸಿದ್ದರು. 1937ರಲ್ಲಿ ಹಾರ್ಮಂಡ್ಸ್‌ವರ್ತ್‌ನ ಹೊಲವೊಂದನ್ನು ಕೊಂಡು ಅಲ್ಲಿಗೆ ಹೋದ ಮೇಲೆಯೇ ನೌಕರರಿಗೆ ಗಾಳಿ ಬೆಳಕು ಕಂಡದ್ದು.

ಜಾರ್ಜ್ ಆರ್ವೆಲ್‌ಗೆ ಇದು ಹಿಡಿಸಲಿಲ್ಲ. ಓದುಗನಾಗಿ ಸಂತೋಷ, ಲೇಖಕನಾಗಿ ಸಂಕಟ ಎಂಬುದು 1936ರ ಅವನ ವಿಮರ್ಶೆಯ ಧಾಟಿ. ಅವನ ಲೆಕ್ಕ ಹೀಗೆ: ಪುಸ್ತಕಕ್ಕೆಂದು ಐದು ಶಿಲಿಂಗ್ ಇಟ್ಟುಕೊಂಡವನು ಎರಡೂವರೆ ಶಿಲಿಂಗಿನ ಎರಡು ಪುಸ್ತಕ ಕೊಂಡಾನು, ಬೆಲೆ ಆರು ಪೆನ್ನಿಗಿಳಿದರೆ ಹತ್ತು ಕೊಳ್ಳುವುದಿಲ್ಲ, ಮೂರು ಕೊಂಡು ಮಿಕ್ಕದ್ದನ್ನು ಸಿನಿಮಾಕ್ಕೆ ಹಾಕುತ್ತಾನೆ. ತರ್ಕ ಗಟ್ಟಿ. ಆದರೆ ಅದರಲ್ಲಿ ಬರುವವನು ಆಗಲೇ ಪುಸ್ತಕ ಕೊಳ್ಳುವ ಅಭ್ಯಾಸವಿದ್ದವನು. ವುಲ್‌ವರ್ತ್‌ಗೆ ಗುಂಡಿ ಕೊಳ್ಳಲು ಬಂದು ಹೆಮಿಂಗ್ವೆಯನ್ನು ಕೈಚೀಲಕ್ಕೆ ಹಾಕಿಕೊಂಡು ಹೋದವಳು ಆ ಲೆಕ್ಕದಲ್ಲಿ ಇರಲಿಲ್ಲ. ರಾಯಲ್ಟಿಯ ವಿಷಯದಲ್ಲಿ ಆರ್ವೆಲ್ ಪಟ್ಟ ಸಂಕಟವನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಅಗ್ಗದ ಪುಸ್ತಕದ ಭಾರ ಕೊನೆಗೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಬರೆಯುವವರಿಗೆಲ್ಲ ಗೊತ್ತು.

ಇಲ್ಲಿ ನಮ್ಮವರೊಬ್ಬರು ಬರುತ್ತಾರೆ. ಕಲ್ಲಿಕೋಟೆಯಿಂದ ಲಂಡನ್ನಿಗೆ ಹೋಗಿ ಭಾರತದ ಸ್ವಾತಂತ್ರ್ಯಕ್ಕಾಗಿ ಸಭೆ, ಕರಪತ್ರ ಎಂದು ಓಡಾಡುತ್ತಿದ್ದ ವಿ.ಕೆ. ಕೃಷ್ಣ ಮೆನನ್, ಮುಂದೆ ನೆಹರೂ ಸಂಪುಟದ ರಕ್ಷಣಾ ಸಚಿವರಾದವರು, ಬಾಡ್ಲಿ ಹೆಡ್‌ಗೆ ಮಾಲೆಯೊಂದನ್ನು ಸಂಪಾದಿಸಿಕೊಡುತ್ತಿದ್ದರು. 1937ರಲ್ಲಿ ಲೇನ್ ಮೆನನ್ ಅವರನ್ನು ಕರೆದುಕೊಂಡು ಪೆಲಿಕನ್ ಮಾಲೆ ಶುರುಮಾಡಿದ. ಕಾದಂಬರಿಯಲ್ಲ, ಅರ್ಥಶಾಸ್ತ್ರ, ವಿಜ್ಞಾನ, ಸಮಾಜ, ಇತಿಹಾಸ. ಬರ್ನಾರ್ಡ್ ಶಾ ಸಮಾಜವಾದದ ಬಗ್ಗೆ ಬರೆದ ಎರಡು ಸಂಪುಟಗಳ ಪುಸ್ತಕ ಮೊದಲನೆಯದು. ಕಾಲೇಜು ಮೆಟ್ಟಿಲು ಹತ್ತದವರಿಗೆ ಆ ನೀಲಿ ಪುಸ್ತಕಗಳೇ ಕಾಲೇಜಾದವು. ಮೆನನ್ ಅವರಿಗೂ ಲೇನ್‌ಗೂ ಬಹಳ ದಿನ ಹೊಂದಲಿಲ್ಲ; ಒಬ್ಬರಿಗೆ ವಿಷಯವೇ ಎಲ್ಲ, ಇನ್ನೊಬ್ಬನಿಗೆ ಪುಸ್ತಕ ಹೊತ್ತಿಗೆ ಸರಿಯಾಗಿ ಹೊರಬರಬೇಕು. ಬೇರೆಯಾದರು. ಪೆಂಗ್ವಿನ್ನಿನ ಅಧಿಕೃತ ಸಂಭ್ರಮಗಳಲ್ಲಿ ಮೆನನ್ ಹೆಸರು ಸಿಗಬೇಕಾದಷ್ಟು ಸಿಗುವುದಿಲ್ಲ ಎಂಬುದು ನನ್ನ ಮೊದಲ ತಕರಾರು.

ಯುದ್ಧ ಬಂತು. ಕಾಗದದ ರೇಷನ್ನನ್ನು ಹಿಂದಿನ ವರ್ಷದ ಬಳಕೆಯ ಮೇಲೆ ಗೊತ್ತುಮಾಡಿದ್ದರಿಂದ, ಹಿಟ್ಲರನ ಕುರಿತ ಪುಸ್ತಕಗಳನ್ನು ಲಕ್ಷಗಟ್ಟಲೆ ಅಚ್ಚುಹಾಕಿದ್ದ ಪೆಂಗ್ವಿನ್‌ಗೆ ಅದೃಷ್ಟ ಖುಲಾಯಿಸಿತು. ಸಿಪಾಯಿಯ ಜೇಬಿಗೆ ಅದರ ಅಳತೆಯೂ ಸರಿಹೋಯಿತು. 1946ರಲ್ಲಿ ರಿಯು ಎಂಬಾತ ಅನುವಾದಿಸಿದ ಹೋಮರನ ‘ಒಡಿಸ್ಸಿ’ಯಿಂದ ಕ್ಲಾಸಿಕ್ಸ್ ಮಾಲೆ ಹುಟ್ಟಿತು. ಸ್ವಿಟ್ಜರ್ಲೆಂಡಿನಿಂದ ಬಂದ ವಿನ್ಯಾಸಕ ಯಾನ್ ಚಿಖೋಲ್ಡ್ ಅಕ್ಷರ, ಅಂಚು, ವಿರಾಮಚಿಹ್ನೆಗಳಿಗೆ ನಾಲ್ಕು ಪುಟದ ಕಟ್ಟುನಿಟ್ಟಿನ ನಿಯಮ ಬರೆದು ಅಚ್ಚುಮೊಳೆ ಜೋಡಿಸುವವರನ್ನು ಗೋಳುಹೊಯ್ದುಕೊಂಡ. ಆರು ಪೆನ್ನಿಯ ಪುಸ್ತಕಕ್ಕೂ ಅಂಚು ಸಮನಾಗಿರಬೇಕು ಎಂಬ ಹಟ ಅದು. ನಮ್ಮ ಎಷ್ಟೋ ಪ್ರಕಾಶಕರ ಮೇಜಿನ ಮೇಲೆ ಆ ನಾಲ್ಕು ಪುಟ ಅಂಟಿಸಬೇಕೆನಿಸುತ್ತದೆ.

1960ರಲ್ಲಿ ಪೆಂಗ್ವಿನ್ ಡಿ.ಎಚ್. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯ ಎರಡು ಲಕ್ಷ ಪ್ರತಿಗಳನ್ನು ಅಚ್ಚುಹಾಕಿ ಗೋದಾಮಿನಲ್ಲಿಟ್ಟು, ಒಂದಿಷ್ಟನ್ನು ತಾನೇ ಪೊಲೀಸರಿಗೆ ಒಪ್ಪಿಸಿತು. ಬೇಕೆಂದೇ ಮೈಮೇಲೆ ಎಳೆದುಕೊಂಡ ಅಶ್ಲೀಲತೆಯ ಮೊಕದ್ದಮೆ. ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ಅಕ್ಟೋಬರ್ 20ರಿಂದ ನವೆಂಬರ್ 2ರವರೆಗೆ ವಿಚಾರಣೆ. ಇ.ಎಂ. ಫಾರ್ಸ್ಟರ್, ರೆಬೆಕಾ ವೆಸ್ಟ್ ಸೇರಿ ಮೂವತ್ತೈದು ಮಂದಿ ಪುಸ್ತಕದ ಪರ ಸಾಕ್ಷಿ ಹೇಳಿದರು. ಇದನ್ನು ನಿಮ್ಮ ಹೆಂಡತಿಯೋ ಮನೆಯಾಳುಗಳೋ ಓದಬಹುದೆಂದು ಒಪ್ಪುತ್ತೀರಾ ಎಂದು ಸರಕಾರಿ ವಕೀಲ ಜ್ಯೂರಿಯನ್ನು ಕೇಳಿದ. ಜ್ಯೂರಿಯಲ್ಲಿ ಮೂವರು ಹೆಂಗಸರೇ ಇದ್ದರು! ಅವನ ಪ್ರಶ್ನೆಯೊಳಗೇ ಕೇಸಿನ ಗುಟ್ಟಿತ್ತು. ಈ ಕಾದಂಬರಿ ಮೂವತ್ತು ವರ್ಷದಿಂದ ಪ್ಯಾರಿಸ್ಸಿನಿಂದ ತರಿಸಿಕೊಳ್ಳಬಲ್ಲ ಉಳ್ಳವರ ಕಪಾಟಿನಲ್ಲಿತ್ತು. ಆಗ ಯಾರ ನೀತಿಯೂ ಕೆಟ್ಟಿರಲಿಲ್ಲ. ಮೂರೂವರೆ ಶಿಲಿಂಗಿಗೆ ಕೆಲಸದವಳ ಕೈಗೆ ಸಿಗುತ್ತದೆ ಎಂದಾಗ ಸಮಾಜಕ್ಕೆ ಗಂಡಾಂತರ ಕಂಡಿತು. ಬಿಡುಗಡೆಯ ತೀರ್ಪು ಬಂತು, ಆರು ವಾರದಲ್ಲಿ ಇಪ್ಪತ್ತು ಲಕ್ಷ ಪ್ರತಿ ಹೋಯಿತು. ಮರುಮುದ್ರಣವನ್ನು ಪೆಂಗ್ವಿನ್ ಆ ಹನ್ನೆರಡು ಮಂದಿ ಜ್ಯೂರಿಗಳಿಗೆ ಅರ್ಪಿಸಿತು. ನಮ್ಮಲ್ಲಿ ಇದೇ ಕಾದಂಬರಿಯನ್ನು ಮಾರಿದ ಮುಂಬಯಿಯ ಅಂಗಡಿಯವನಿಗೆ ಆದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1964ರಲ್ಲಿ ಎತ್ತಿಹಿಡಿಯಿತು.

ಇಷ್ಟು ಹೋರಾಡಿದ ಲೇನ್ ಆರು ವರ್ಷದ ಬಳಿಕ ಮಾಡಿದ್ದೇನು? ಫ್ರೆಂಚ್ ವ್ಯಂಗ್ಯಚಿತ್ರಕಾರ ಸಿನೆಯ ‘ಮ್ಯಾಸಕರ್’ ಎಂಬ ಪುಸ್ತಕವನ್ನು ಅವನದೇ ಸಂಸ್ಥೆಯ ಸಂಪಾದಕ ಟೋನಿ ಗಾಡ್ವಿನ್ ತಂದಿದ್ದ. ಪಾದ್ರಿಗಳನ್ನೂ ಚರ್ಚನ್ನೂ ಹೀಯಾಳಿಸುವ ಆ ಚಿತ್ರಗಳು ಲೇನ್‌ಗೆ ಹೇಸಿಗೆಯೆನಿಸಿದವು. ಕೆಲವರನ್ನು ಜೊತೆ ಮಾಡಿಕೊಂಡು ರಾತ್ರಿ ಹೊತ್ತು ತನ್ನದೇ ಗೋದಾಮಿಗೆ ನುಗ್ಗಿ, ಉಳಿದ ಪ್ರತಿಗಳನ್ನು ಹೊತ್ತೊಯ್ದು ಸುಟ್ಟುಹಾಕಿದ. ಮುಂದೆ ಗಾಡ್ವಿನ್ ಕೆಲಸವೂ ಹೋಯಿತು. ಲೇನ್‌ನನ್ನು ಅಕ್ಷರಸ್ವಾತಂತ್ರ್ಯದ ಹರಿಕಾರ ಎಂದು ಹೊಗಳುವ ಭಾಷಣಗಳು ಈ ರಾತ್ರಿಯನ್ನು ಜಾಣತನದಿಂದ ಬಿಟ್ಟುಬಿಡುತ್ತವೆ. ನನಗಂತೂ ಇದನ್ನು ಬಿಟ್ಟರೆ ಆ ಮನುಷ್ಯ ಪೂರ್ತಿ ಸಿಗುವುದಿಲ್ಲ.

1970ರಲ್ಲಿ ಲೇನ್ ತೀರಿಕೊಂಡ; ಅದೇ ವರ್ಷ ಪಿಯರ್ಸನ್ ಗುಂಪು ಪೆಂಗ್ವಿನ್ನನ್ನು ಕೊಂಡಿತು. ಅನಂತರದ್ದು ಬಹುಪಾಲು ಲೆಕ್ಕಪತ್ರದ ಕತೆ. ನಮ್ಮ ಮಟ್ಟಿಗೆ ಮುಖ್ಯವಾದದ್ದು 1973ರ ‘ಸ್ಪೀಕಿಂಗ್ ಆಫ್ ಶಿವ’. ಎ.ಕೆ. ರಾಮಾನುಜನ್ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದ ಆ ತೆಳು ಪುಸ್ತಕ ಕ್ಲಾಸಿಕ್ಸ್ ಮಾಲೆಯಲ್ಲಿ ಹೋಮರನ ಸಾಲಿಗೆ ಕೂತಿತು. ಹೊರಗಿನವರು ಇಂದಿಗೂ ವಚನಗಳನ್ನು ಮೊದಲು ಕಾಣುವುದು ಹೆಚ್ಚಾಗಿ ಅದರಲ್ಲೇ. 1985ರಲ್ಲಿ ಪೆಂಗ್ವಿನ್ ಇಂಡಿಯಾ ಸ್ಥಾಪನೆಯಾಯಿತು, 1987ರಿಂದ ಪುಸ್ತಕಗಳು ಬಂದವು.

1988ರಲ್ಲಿ ಹೊರಬಂದ ರಶ್ದಿಯ ‘ದಿ ಸಟಾನಿಕ್ ವರ್ಸಸ್’ ಮೇಲೆ ಕೊಲೆ ಬೆದರಿಕೆಗಳ ಮಳೆ ಸುರಿದಾಗಲೂ ಪೆಂಗ್ವಿನ್ ಪುಸ್ತಕವನ್ನು ಹಿಂತೆಗೆಯಲಿಲ್ಲ. ಆದರೆ 1992ರಲ್ಲಿ ಅದರ ಪೇಪರ್‌ಬ್ಯಾಕ್ ಬಂದಾಗ ಮೇಲೆ ಪೆಂಗ್ವಿನ್ ಹೆಸರಿರಲಿಲ್ಲ. 2014ರಲ್ಲಿ ಆ ಅರ್ಧ ಧೈರ್ಯವೂ ಉಳಿದಿರಲಿಲ್ಲ. ವೆಂಡಿ ಡೋನಿಗರ್ ಅವರ ‘ದಿ ಹಿಂದೂಸ್’ ವಿರುದ್ಧ ದೆಹಲಿಯಲ್ಲಿ ಹೂಡಿದ್ದ ದಾವೆಯಲ್ಲಿ ಪೆಂಗ್ವಿನ್ ಇಂಡಿಯಾ ತೀರ್ಪಿಗೆ ಕಾಯದೆ ರಾಜಿಯಾಯಿತು. ಭಾರತದಲ್ಲಿ ಪುಸ್ತಕ ಹಿಂತೆಗೆದು, ಉಳಿದ ಪ್ರತಿಗಳನ್ನು ನಾಶಮಾಡಲು ಒಪ್ಪಿತು. ಆ ಪುಸ್ತಕವನ್ನು ನಾನು ಎಲ್ಲ ಕಡೆಯೂ ಒಪ್ಪುವವನಲ್ಲ. ಆದರೂ ಕೋರ್ಟಿನಲ್ಲಿ ನಿಲ್ಲಲು ದುಡ್ಡು, ವಕೀಲರು, ಹೆಸರು ಎಲ್ಲ ಇದ್ದವರು ಮೊದಲು ಕೈಚೆಲ್ಲಿದರು ಎಂಬುದು ನನ್ನ ಎರಡನೇ ತಕರಾರು, ದೊಡ್ಡದು. ಮರುವರ್ಷ ಅದನ್ನು ಮತ್ತೆ ಅಚ್ಚುಹಾಕಿದ್ದು ಸ್ಪೀಕಿಂಗ್ ಟೈಗರ್ ಎಂಬ ಹೊಸ, ಚಿಕ್ಕ ಪ್ರಕಾಶನ.

ಅಷ್ಟರಲ್ಲಿ ಪೆಂಗ್ವಿನ್ 2013ರಲ್ಲಿ ರ‍್ಯಾಂಡಮ್ ಹೌಸ್ ಜೊತೆ ಕೂಡಿತ್ತು. 2020ರಲ್ಲಿ ಪೂರ್ತಿಯಾಗಿ ಜರ್ಮನಿಯ ಬರ್ಟೆಲ್ಸ್‌ಮನ್‌ಗೆ ಸೇರಿತು. ಯುದ್ಧದ ಕಾಲದಲ್ಲಿ ಜರ್ಮನ್ ಸಿಪಾಯಿಗಳಿಗೆ ಅತಿ ಹೆಚ್ಚು ಪುಸ್ತಕ ಒದಗಿಸಿದ ಸಂಸ್ಥೆ ಅದೇ. ಚರಿತ್ರೆ ಒಮ್ಮೊಮ್ಮೆ ಹೀಗೂ ಚೇಷ್ಟೆ ಮಾಡುತ್ತದೆ. ಇಷ್ಟಕ್ಕೇ ತೃಪ್ತಿಯಿಲ್ಲದೆ ಸೈಮನ್ ಅಂಡ್ ಶುಸ್ಟರ್ ಅನ್ನು 220 ಕೋಟಿ ಡಾಲರಿಗೆ ಕೊಳ್ಳಲು ಹೊರಟಾಗ, ಲೇಖಕರ ಮುಂಗಡ ಹಣ ಕುಸಿಯುತ್ತದೆಂದು 2022ರಲ್ಲಿ ಅಮೆರಿಕದ ಕೋರ್ಟು ತಡೆಯಿತು. ಸರಕಾರದ ಪರ ಸಾಕ್ಷಿ ಹೇಳಿದವರಲ್ಲಿ ಸ್ಟೀಫನ್ ಕಿಂಗ್ ಇದ್ದರು.

‘ಹಾರ್ಟ್ ಲ್ಯಾಂಪ್’ ವಿಷಯಕ್ಕೆ ಬಂದರೆ, ಬ್ರಿಟನ್ನಿನಲ್ಲಿ ಅದನ್ನು ಹೊರತಂದು ಬುಕರ್‌ವರೆಗೆ ಕೊಂಡೊಯ್ದದ್ದು ಪೆಂಗ್ವಿನ್ ಅಲ್ಲ, ಶೆಫೀಲ್ಡ್‌ನ ‘ಅಂಡ್ ಅದರ್ ಸ್ಟೋರೀಸ್’ ಎಂಬ ಪುಟ್ಟ ಪ್ರಕಾಶನ. ಕನ್ನಡದ ಕತೆಗಳನ್ನು ನಂಬಿ ಹಣ ಹಾಕಿದವರು ಅವರು. ನಮ್ಮಲ್ಲಿಯೂ ಹೊಸ ಲೇಖಕರನ್ನು ನಂಬಿ ಕೈಯಿಂದ ಹಣ ಹಾಕುವವರು ಸಣ್ಣ ಊರುಗಳ ಸಣ್ಣ ಪ್ರಕಾಶಕರೇ. ಇಂಗ್ಲಿಷ್ ಪ್ರತಿ ಕೊಂಡ ಓದುಗರಲ್ಲಿ ಒಂದು ಬಿನ್ನಹ: ಬಾನು ಅವರ ಕನ್ನಡದ ಪುಸ್ತಕಗಳನ್ನೂ ಕೊಂಡು ಓದಿ. ಅಂಗಡಿಯಲ್ಲಿ ಇಲ್ಲವೆಂದರೆ ತರಿಸಿಕೊಡಿ ಎಂದು ಕೇಳಿ.