ಹಾಯಿಗೂ ಲೆಕ್ಕ ಬೇಕು

ರಂಜಾನ್ ತಿಂಗಳಲ್ಲಿ ಆರ್.ಟಿ. ನಗರದಲ್ಲಿ ನಾವು ಕೊಳ್ಳುವ ಅರಬ್ ಖರ್ಜೂರಕ್ಕೆ ಹಡಗಿನ ಹೊಗೆಯ ಋಣವಿದೆ ಎಂದರೆ ಯಶವಂತಪುರ ಯಾರ್ಡಿನ ಸಾಹುಕಾರರು ನಗುತ್ತಾರೆ. ನಗಲಿ. ಮನುಷ್ಯರು ಉಗುಳುವ ಹಸಿರುಮನೆ ಅನಿಲಗಳಲ್ಲಿ ಹಡಗುಗಳ ಪಾಲು 2018ರಲ್ಲೇ ಶೇ. 3ರ ಹತ್ತಿರವಿತ್ತು.

ಅದೇ ಖರ್ಜೂರ ಒಂದು ಕಾಲದಲ್ಲಿ ಮಂಗಳೂರಿಗೆ, ಭಟ್ಕಳಕ್ಕೆ ಬರುತ್ತಿದ್ದುದು ಬರೀ ಗಾಳಿಯ ಬಲದಿಂದ. ಲಕ್ಷದ್ವೀಪಕ್ಕೆ ಅಕ್ಕಿ, ಹೆಂಚು ಹೊರುತ್ತಿದ್ದ ಮಂಜಿಗಳೂ ಹಾಯಿ ಬಿಚ್ಚಿಯೇ ಹೊರಡುತ್ತಿದ್ದವು. ಎಂಜಿನ್ ಬಂತು, ಹಾಯಿ ಮೂಲೆ ಸೇರಿತು. ಗಾಳಿಯ ಗುಣ ಬಲ್ಲ ಬ್ಯಾರಿ, ಖಾರ್ವಿ ನಾವಿಕರ ವಿದ್ಯೆಗೆ ಬೆಲೆಯಿಲ್ಲದಾಯಿತು. ಈಗ ಪರದೇಶದ ಕಂಪನಿಗಳು ಅದನ್ನೇ ಹೊಸ ಶೋಧವೆಂದು ಮಾರುತ್ತಿವೆ!

ಮಾರಲಿ, ಆದರೆ ಅಳೆದು ಮಾರಲಿ. 2023ರಲ್ಲಿ ‘ಪಿಕ್ಸಿಸ್ ಓಷನ್’ ಎಂಬ ಸರಕು ಹಡಗಿನ ಮೇಲೆ 37.5 ಮೀಟರ್ ಎತ್ತರದ ಎರಡು ರೆಕ್ಕೆಗಳನ್ನು ನಿಲ್ಲಿಸಿದರು. ಶೇ. 30ರವರೆಗೂ ಉಳಿತಾಯ ಸಾಧ್ಯವೆಂಬ ಮಾತಿತ್ತು. ಆರು ತಿಂಗಳು ಅಳೆದಾಗ ಉಳಿದದ್ದು ದಿನಕ್ಕೆ ಸರಾಸರಿ 3 ಟನ್ ಇಂಧನ. ಅದೇನೂ ಸಣ್ಣದಲ್ಲ, ಅಳೆದದ್ದರಿಂದಲೇ ನಂಬುತ್ತೇವೆ. ರೆಕ್ಕೆ ಎತ್ತಿದಾಗ ಎಷ್ಟು ಸುಟ್ಟಿತು, ಮಡಚಿದಾಗ ಎಷ್ಟು ಎಂದು ಹೇಳದ ಹಡಗಿನ ಹಸಿರು ಬರೀ ಬಣ್ಣ.

ಪಣಂಬೂರಿಗೆ ಬರುವ ಹಡಗುಗಳಿಂದ ಈ ಲೆಕ್ಕ ಕೇಳಬೇಕು. ಕೊಟ್ಟವರಿಗೆ ಬಂದರು ಶುಲ್ಕದಲ್ಲಿ ರಿಯಾಯಿತಿ ಕೊಡಬೇಕು. ಹಾಯಿಗೆ ಸಹಾಯಧನವೆಂದು ಬಂದರೆ ಮೊದಲ ಪಾಲು ಮಂಜಿಯವರಿಗೆ ಸಲ್ಲಲಿ. ಡೀಸೆಲ್ ಬಿಲ್ಲು ಕೈಯಿಂದ ಕಟ್ಟುವವರು ಅವರು.