ಎರಡನೇ ಕೊಲೆ ತಡೆಯುವುದು ಯಾರ ಕೆಲಸ?

(1/4)

ಮೊದಲೇ ಹೇಳ್ತೇನೆ, ಈ ಸೀರೀಸ್‌ನಲ್ಲಿ ಸತ್ತವರ ಹೆಸರು ಬರೆಯುವುದಿಲ್ಲ. ಹೆಸರು ಬರೆದ ಕೂಡಲೇ ನೀವು "ಓ, ಇವಳು ಆ ಸೈಡ್" ಅಂತ ಹೇಳಿ ಸ್ಕ್ರೋಲ್ ಮಾಡಿಬಿಡ್ತೀರಿ. ನಮ್ಮ ಜಿಲ್ಲೆಯವರಿಗೆ ಈ ಅಭ್ಯಾಸ ಉಂಟು, ನಂಗೂ ಇತ್ತು. ಹಾಗಾಗಿ ಬರೀ ಊರು, ತಾರೀಕು ಹೇಳ್ತೇನೆ.

2022ರ ಜುಲೈ. 19ಕ್ಕೆ ಬೆಳ್ಳಾರೆ ಹತ್ತಿರದ ಕಳಂಜದಲ್ಲಿ ಒಬ್ಬ ಹುಡುಗನ ಮೇಲೆ ಹಲ್ಲೆ ಆಯ್ತು, ಎರಡು ದಿನ ಬಿಟ್ಟು ಅವ ತೀರಿಹೋದ. 26ಕ್ಕೆ ಬೆಳ್ಳಾರೆಯಲ್ಲೇ ಇನ್ನೊಬ್ಬರ ಕೊಲೆ. 28ಕ್ಕೆ ಸುರತ್ಕಲ್‌ನಲ್ಲಿ ಬಟ್ಟೆ ಅಂಗಡಿ ಎದುರು ಮೂರನೆಯದ್ದು. ಹತ್ತು ದಿನದಲ್ಲಿ ಮೂರು ಮನೆ.

2025. ಏಪ್ರಿಲ್ 27ಕ್ಕೆ ಕುಡುಪುವಿನಲ್ಲಿ ಕ್ರಿಕೆಟ್ ಮ್ಯಾಚ್ ನಡೀತಿದ್ದ ಜಾಗದಲ್ಲಿ ಒಬ್ಬ ಮನುಷ್ಯನನ್ನು ಗುಂಪು ಸೇರಿ ಹೊಡೆದು ಕೊಂದರು. ಮೇ 1ಕ್ಕೆ ಬಜ್ಪೆಯಲ್ಲಿ ನಡುರಸ್ತೆಯಲ್ಲಿ ಕೊಲೆ. ಮೇ 27ಕ್ಕೆ ಬಂಟ್ವಾಳದ ಕೊಳ್ತಮಜಲು ಹತ್ತಿರ ಮರಳು ಇಳಿಸ್ತಿದ್ದ ಪಿಕಪ್ ಡ್ರೈವರ್ ಒಬ್ಬರನ್ನು ಕಡಿದರು. ಒಂದು ತಿಂಗಳಲ್ಲಿ ಮೂರು.

ಮೊದಲ ಸಲ ಆದಾಗ ನಾನು ಪಿಯುಸಿ. ಸಂಜೆ 6 ಗಂಟೆಗೆ ಅಂಗಡಿ ಎಲ್ಲ ಬಂದ್ ಮಾಡಿಸಿದ್ದು ನೆನಪುಂಟಲ್ಲ? ಟ್ಯೂಷನ್ ಮುಗಿಸಿ ಬರುವಾಗ ಒಂದು ಲೈಟ್ ಇಲ್ಲ. ಎರಡನೇ ಸಲ ಆದಾಗ ಡಿಗ್ರಿ. ಬಂದ್ ದಿನ ಬಸ್ ಇಲ್ಲ, ಪಪ್ಪ ಕಾಲ್ ಮೇಲೆ ಕಾಲ್. ನಾವೆಲ್ಲ ಇದಕ್ಕೆ ಒಗ್ಗಿಹೋಗಿದ್ದೇವೆ. ಒಂದು ಕೊಲೆ ಆದ ಕೂಡಲೇ ಅಮ್ಮ ಕೇಳುವುದೇ "ಇನ್ನೊಂದು ಯಾವಾಗವೋ" ಅಂತ. ಆ "ಇನ್ನೊಂದು" ಬಗ್ಗೆಯೇ ನನ್ನ ಮಾತು.

(2/4)

ಕೊಳ್ತಮಜಲು ಘಟನೆ ಆದ ಮೇಲೆ ಸರ್ಕಾರಕ್ಕೆ ಬಿಸಿ ತಾಗಿತು. ಎರಡೇ ದಿನದಲ್ಲಿ ಮಂಗಳೂರಿಗೆ ಹೊಸ ಕಮಿಷನರ್, ಜಿಲ್ಲೆಗೆ ಹೊಸ ಎಸ್‌ಪಿ. ಜೂನ್ 13ಕ್ಕೆ ವಿಶೇಷ ಕಾರ್ಯಪಡೆ ಅಂತ ಶುರು ಮಾಡಿದರು: ನಕ್ಸಲ್ ನಿಗ್ರಹ ಪಡೆಯಿಂದ ತೆಗೆದ 248 ಜನ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಮೂರು ಜಿಲ್ಲೆಗೆ. ದ್ವೇಷ ಭಾಷಣ ಮಾಡಿದವರ ಮೇಲೆ, ಪೋಸ್ಟ್ ಹಾಕಿದವರ ಮೇಲೆ ಕೇಸ್ ಬಿತ್ತು. ಎರಡೂ ಕಡೆಯ ಒಟ್ಟು 36 ಜನರ ಮೇಲೆ ಗಡಿಪಾರಿನ ಪ್ರಕ್ರಿಯೆ ಶುರುವಾಯ್ತು.

ನಂಗೆ ಇದು ಇಷ್ಟ ಆಯ್ತು, ಸುಳ್ಳು ಹೇಳುವುದಿಲ್ಲ. ಎಷ್ಟೋ ವರ್ಷದಿಂದ ಪೊಲೀಸರು ಕೊಲೆ ಆದ ಮೇಲೆ ಬಂದು ಬ್ಯಾರಿಕೇಡ್ ಹಾಕ್ತಿದ್ದರು. ಮುಂಚೆಯೇ ಬಂದದ್ದು ಇದೇ ಮೊದಲು ಅಂತ ಅನಿಸಿತು.

ಆದರೆ ಒಂದು ವಿಷಯ ಯೋಚನೆ ಮಾಡಿ. ಕುಡುಪುವಿನ ಕೇಸನ್ನು ಮೊದಲು ಹೇಗೆ ಬರೆದುಕೊಂಡರು ಗೊತ್ತುಂಟಾ? ಅಸಹಜ ಸಾವು ಅಂತ. ಅಷ್ಟು ಜನ ಸೇರಿದ್ದ ಜಾಗ, ಮೈತುಂಬ ಏಟು, ಆದರೂ ಕೊಲೆ ಅಂತ ಎಫ್‌ಐಆರ್ ಆಗ್ಲಿಕ್ಕೆ ತಡ ಆಯ್ತು. ಕೊನೆಗೆ ಒಬ್ಬ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಸಸ್ಪೆಂಡ್ ಆದರು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ ಅಂತ ಕೊಂದರೆ ಅದಕ್ಕೆಂದೇ ಹೊಸ ನ್ಯಾಯ ಸಂಹಿತೆಯಲ್ಲಿ 103(2) ಅಂತ ಕಲಮು ಉಂಟು, ಗಲ್ಲು ಅಥವಾ ಜೀವಾವಧಿ. ಕಾನೂನು ಇರಲಿಲ್ಲ ಅಂತ ಅಲ್ಲ. ಬರೆಯುವ ಕೈ ತಡ ಮಾಡಿತು.

ಅಲ್ಲೇ ಇರುವುದು ಸಮಸ್ಯೆ. ಮೊದಲ ಸಾವನ್ನು ಸ್ಟೇಷನ್‌ನಲ್ಲಿ ಹಗುರ ಮಾಡಿದರೆ, ಹೊರಗೆ ಯಾರೋ ಒಬ್ಬ ಅದನ್ನು ಭಾರ ಮಾಡ್ಲಿಕ್ಕೆ ಕಾಯ್ತಾ ಇರ್ತಾನೆ. "ನೋಡಿ, ನಮ್ಮವರ ಜೀವಕ್ಕೆ ಬೆಲೆ ಇಲ್ಲ" ಅಂತ ಹೇಳ್ಲಿಕ್ಕೆ ಅವನಿಗೆ ಅಷ್ಟೇ ಸಾಕು. 248 ಜನರ ಪಡೆ ಬೇಕು, ಸರಿ. ಆದರೆ ಅದಕ್ಕಿಂತ ಮೊದಲು ಬೇಕಾದದ್ದು ಮೊದಲ ದಿನವೇ ನೆಟ್ಟಗೆ ಬರೆದ ಒಂದು ಎಫ್‌ಐಆರ್.

(3/4)

ಈಗ ಗಡಿಪಾರು. ನಮ್ಮ ಕ್ಲಾಸ್‌ನಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಆಗಿದೆ. ಒಬ್ಬ ಹೇಳ್ತಾನೆ, "ಕೋರ್ಟಿನಲ್ಲಿ ತಪ್ಪು ಸಾಬೀತೇ ಆಗ್ಲಿಲ್ಲ, ಹೇಗೆ ಊರು ಬಿಡಿಸ್ತಾರೆ?" ಇನ್ನೊಬ್ಬಳು ಹೇಳ್ತಾಳೆ, "ಸಾಬೀತಾಗುವಷ್ಟರಲ್ಲಿ ಇನ್ನೆರಡು ಹೆಣ ಬೀಳ್ತದೆ." ನನ್ನ ಪ್ರಕಾರ ಇಬ್ಬರ ಮಾತಲ್ಲೂ ಅರ್ಧ ಸತ್ಯ ಉಂಟು. ಗಡಿಪಾರು ಮಾಡಲಿ, ಆದರೆ ನೋಟಿಸ್ ಕೊಟ್ಟು, ಅವರ ಮಾತು ಕೇಳಿ, ಕಾರಣ ಬರೆದು ಮಾಡಲಿ. ಮತ್ತೆ, ಬೇರೆ ಜಿಲ್ಲೆಗೆ ಕಳಿಸಿದರೆ ಸಿಟ್ಟು ಇಲ್ಲೇ ಉಳಿಯುವುದಿಲ್ಲ, ಫೋನ್‌ನಲ್ಲಿ ಜೊತೆಗೇ ಹೋಗ್ತದೆ. ಸ್ವಲ್ಪ ಟೈಮ್ ಸಿಗ್ತದೆ ಅಷ್ಟೇ. ಆ ಟೈಮಲ್ಲಿ ಎಂತ ಮಾಡ್ತೀರಿ ಅನ್ನುವುದೇ ಮುಖ್ಯ.

ಮಾಡಬೇಕಾದದ್ದು ಕೇಸ್ ಮುಗಿಸುವುದು. ಬಜ್ಪೆಯಲ್ಲಿ ಕೊಲೆಯಾದವರು 2022ರ ಸುರತ್ಕಲ್ ಕೇಸಿನಲ್ಲಿ ಆರೋಪಿ. ಜಾಮೀನಿನಲ್ಲಿ ಹೊರಗಿದ್ದರು. ಮೂರು ವರ್ಷ ಹತ್ತಿರ ಆದರೂ ಕೋರ್ಟು ತಪ್ಪಿತಸ್ಥ ಅಂತಲೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ತೀರ್ಪು ಬರುವ ಮೊದಲು ತಲವಾರು ಬಂತು. ಇದರಿಂದ ಇಬ್ಬರಿಗೂ ನ್ಯಾಯ ಸಿಗಲಿಲ್ಲ. ಸುರತ್ಕಲ್‌ನ ಆ ಮನೆಯವರಿಗೂ ಇಲ್ಲ, ಬಜ್ಪೆಯ ಈ ಮನೆಯವರಿಗೂ ಇಲ್ಲ.

ಇನ್ನು ಸರ್ಕಾರಗಳ ಕಥೆ. 2022ರ ಮೂರು ಸಾವಿನಲ್ಲಿ ಒಂದೇ ಮನೆಗೆ ಆಗಿನ ಸರ್ಕಾರ 25 ಲಕ್ಷ ಕೊಟ್ಟಿತು. ಉಳಿದ ಎರಡು ಮನೆಗೆ ಸಿಕ್ಕಿದ್ದು ಸರ್ಕಾರ ಬದಲಾದ ಮೇಲೆ, 2023ರಲ್ಲಿ. ಯಾವ ಪಕ್ಷ ಅಂತ ನಿಮಗೆ ಗೊತ್ತು, ನಾನು ಆ ಚರ್ಚೆಗೆ ಹೋಗುವುದಿಲ್ಲ. ಒಂದೇ ಕೇಳ್ತೇನೆ: ಮೂವರು ಅಮ್ಮಂದಿರು ಒಂದೇ ವಾರ ಅತ್ತಾಗ, ಮುಖ್ಯಮಂತ್ರಿ ಕಚೇರಿಗೆ ಒಬ್ಬರ ಅಳು ಮಾತ್ರ ಕೇಳಿದರೆ, ಕೆಳಗಿನ ಸ್ಟೇಷನ್‌ನ ಕಾನ್‌ಸ್ಟೇಬಲ್‌ಗೆ ಎಲ್ಲರೂ ಸಮ ಅಂತ ಯಾರು ಕಲಿಸುವುದು?

ನಾವು ಬಿಕಾಂನವರು. ನಷ್ಟ ಆದರೆ ಅದನ್ನು ಪಕ್ಕದವನ ಅಕೌಂಟಿಗೆ ಹಾಕಿ ಬುಕ್ಸ್ ಕ್ಲೋಸ್ ಮಾಡ್ಲಿಕ್ಕೆ ಆಗುವುದಿಲ್ಲ ಅಂತ ಫಸ್ಟ್ ಸೆಮ್‌ನಲ್ಲೇ ಗೊತ್ತು. ಆದರೆ "ಲೆಕ್ಕ ಚುಕ್ತಾ" ಅಂತ ಕಮೆಂಟ್ ಹಾಕಿದವರಲ್ಲಿ ನಮ್ಮ ಕಾಲೇಜಿನವರೂ ಇದ್ದರು. ನಾನೇ ನೋಡಿದ್ದೇನೆ.

(4/4)

ಇದನ್ನು ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ. ಬರೀತೇನೆ.

ಬಜ್ಪೆ ಘಟನೆಯ ರಾತ್ರಿ ನಂಗೆ ಒಂದು ವಾಯ್ಸ್ ನೋಟ್ ಬಂತು. "ಇಂಥ ಏರಿಯಾಕ್ಕೆ ಎರಡು ವ್ಯಾನ್‌ನಲ್ಲಿ ಜನ ಬರ್ತಿದ್ದಾರಂತೆ, ಹುಷಾರು" ಅಂತ. ಯಾರ ಧ್ವನಿ ಅಂತ ಗೊತ್ತಿಲ್ಲ. ನಾನು ಕ್ಲಾಸ್ ಗ್ರೂಪಿಗೆ ಫಾರ್ವರ್ಡ್ ಮಾಡಿದೆ. ಒಳ್ಳೆಯದಕ್ಕೇ ಮಾಡಿದ್ದೆ ಅಂತ ಈಗಲೂ ಹೇಳಬಹುದು, ಆದರೆ ನಿಜ ಹೇಳಬೇಕಾದರೆ, ಎಲ್ಲರಿಗಿಂತ ಮೊದಲು ನಂಗೆ ಗೊತ್ತಾಯ್ತು ಅನ್ನುವ ಒಂದು ಖುಷಿಯೂ ಇತ್ತು.

ಯಾವ ವ್ಯಾನೂ ಬರಲಿಲ್ಲ.

ನನ್ನ ಜೊತೆ ಒಂದೇ ಬೆಂಚ್‌ನಲ್ಲಿ ಕೂರುವವಳ ಅಪ್ಪ ಅದೇ ಏರಿಯಾದಲ್ಲಿ ರಿಕ್ಷಾ ಓಡಿಸ್ತಾರೆ. ಅವಳು ಕಾಲೇಜ್ ಶುರುವಾದ ಮೇಲೆ ಹೇಳಿದಳು, "ನೀನು ಹಾಕಿದ್ದನ್ನು ಕೇಳಿ ಅಮ್ಮ ಪಪ್ಪನನ್ನು ನಾಲ್ಕು ದಿನ ಬಾಡಿಗೆಗೆ ಹೋಗ್ಲಿಕ್ಕೆ ಬಿಡ್ಲಿಲ್ಲ ಮಾರಾಯ್ತಿ. ಫೀಸ್ ಕಟ್ಲಿಕ್ಕೆ ಇಟ್ಟದ್ದರಲ್ಲಿ ಮನೆಖರ್ಚು ಆಯ್ತು." ಸಿಟ್ಟು ಮಾಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಯಾವ ಧರ್ಮ ಅಂತ ಈಗ ನಿಮಗೆ ಕೇಳಬೇಕು ಅನಿಸ್ತಾ ಉಂಟಲ್ಲ? ಕೇಳಬೇಡಿ.

ಆ ರಾತ್ರಿ ಪೊಲೀಸರು ನಿಜವಾದ ಆರೋಪಿಗಳನ್ನು ಹುಡುಕಬೇಕಿತ್ತು. ಅದೇ ಹೊತ್ತಿಗೆ ನಮ್ಮಂಥವರು ಹಬ್ಬಿಸಿದ ಸುಳ್ಳಿನ ಹಿಂದೆಯೂ ಓಡಬೇಕಿತ್ತು. ಎರಡನೇ ಕೊಲೆ ತಡೆಯುವುದು ಪೊಲೀಸರ ಕೆಲಸ, ಅದರಲ್ಲಿ ಡೌಟ್ ಇಲ್ಲ. ಆದರೆ ಆ ಕೆಲಸ ಕಷ್ಟ ಮಾಡಿದ್ದು ನಾನು. ನೀವೂ ಇರಬಹುದು.

ಹಾಗಾಗಿ ನಾನು ಮೂರು ವಿಷಯ ನಿಶ್ಚಯ ಮಾಡಿದ್ದೇನೆ. ಒಂದು, ಕೊಲೆಯ ಸಿಸಿಟಿವಿ ಕ್ಲಿಪ್ ಬಂದರೆ ನನ್ನ ಫೋನ್‌ನಲ್ಲೇ ನಿಲ್ಲಬೇಕು. ಅದು ಒಬ್ಬರ ಮನೆಯವರಿಗೆ ಕೊನೇ ಕ್ಷಣ, ನಮಗೆ ಸ್ಟೇಟಸ್ ಅಲ್ಲ. ಎರಡು, ತಲವಾರು ಹಿಡಿದವನಿಗೆ ಬಿಜಿಎಂ ಹಾಕಿ "ಹುಲಿ" ಅಂತ ಎಡಿಟ್ ಮಾಡಿದವರನ್ನು ಅನ್‌ಫಾಲೋ ಮಾಡುವುದು, ನಮ್ಮವನೇ ಆದರೂ. ಮೂರು, ಮುಂದಿನ ಸಲ ಓಟು ಕೇಳ್ಲಿಕ್ಕೆ ಬಂದವರ ಹತ್ತಿರ ಒಂದೇ ಪ್ರಶ್ನೆ: 2022ರ ಮೂರೂ ಕೇಸ್ ಎಲ್ಲಿಗೆ ಬಂತು? "ನಮ್ಮವರದ್ದು" ಅಂತ ಒಂದನ್ನೇ ಹೇಳಿದರೆ ಉಳಿದ ಎರಡನ್ನೂ ಕೇಳುವುದು.

ನೀವು ಒಪ್ಪದಿದ್ದರೆ ಕಮೆಂಟ್‌ನಲ್ಲಿ ಜಗಳ ಮಾಡಿ, ಪರವಾಗಿಲ್ಲ. ಗಡಿಪಾರಿನ ಬಗ್ಗೆ ನಿಮಗೆ ಎಂತ ಅನಿಸ್ತದೆ ಅಂತ ನಂಗೆ ನಿಜವಾಗಿಯೂ ಕೇಳಬೇಕು. ಆದರೆ ಸತ್ತವರ ಹೆಸರು ತೆಗೆದು ಬೈದರೆ ಡಿಲೀಟ್ ಮಾಡ್ತೇನೆ, ಯಾರ ಹೆಸರಾದರೂ.

ಮತ್ತೆ, ಬೆಂಚ್‌ಮೇಟ್, ನೀನು ಇದನ್ನು ಓದ್ತಿ ಅಂತ ಗೊತ್ತು. ಸಾರಿ ಅಂತ ಆಗಲೇ ಹೇಳಿದ್ದೆ. ಇಲ್ಲಿ ಎಲ್ಲರ ಎದುರು ಇನ್ನೊಮ್ಮೆ.

#ದಕ್ಷಿಣಕನ್ನಡ #ಮಂಗಳೂರು #ಫಾರ್ವರ್ಡ್‌ಮಾಡುವಮೊದಲು